ಶಾಲು ಆಮೇಲೆ, ಸಂಬಳ ಮೊದಲು

ತಂಗಿ, ನಿಮ್ಮ ಪ್ರಶ್ನೆ ಓದಿದೆ. ವಿಜಯಪುರದಲ್ಲಿ ಎಂ.ಎ., ಬಿ.ಎಡ್. ಮುಗಿಸಿ ಆರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ನೀವು. ಯಜಮಾನರಿಗೆ ವರ್ಗವಾಗಿ ಈಗ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಿದ್ದೀರಿ. ಮುಂಬಯಿಯ ಮಾಟುಂಗಾ ಕಡೆಯ ಒಂದು ಸಂಸ್ಥೆಯವರು 'ನೀವು ಭಾನುವಾರದ ಕನ್ನಡ ಕ್ಲಾಸು ನಡೆಸಿಕೊಡಿ, ಗೌರವಧನ ಏನಾದರೂ ನೋಡೋಣ' ಅಂದಿದ್ದಾರಂತೆ. ಒಪ್ಪಿಕೊಳ್ಳಲಾ, ಈ ಊರಲ್ಲಿ ಕನ್ನಡ ಟೀಚರಿಗೆ ಮರ್ಯಾದೆ ಇದೆಯಾ ಅಂತ ಕೇಳಿದ್ದೀರಿ.

ಮರ್ಯಾದೆಗೇನೂ ಕೊರತೆ ಇಲ್ಲ. ಮುಂಬಯಿಗೆ ಬಂದು 24 ವರ್ಷವಾಯಿತು, ನನ್ನ ಹತ್ತಿರ 9 ಶಾಲು ಇವೆ. ಒಂದನ್ನು ಇಸ್ತ್ರಿ ಮೇಜಿಗೆ ಹಾಸಿದ್ದೇನೆ.

'ನೋಡೋಣ' ಅಂದವರು ಆಮೇಲೆ ನೋಡುವುದಿಲ್ಲ. ನಾನೂ ಹೀಗೇ ಒಪ್ಪಿಕೊಂಡು ಹೋಗಿದ್ದೆ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಲೋಕಲ್ ರೈಲು ಕಡಿಮೆ. ಎರಡು ತಾಸಿನ ಕ್ಲಾಸಿಗೆ ಹೋಗಿ ಬರಲು ನಾಲ್ಕು ತಾಸು. ಮೂರು ತಿಂಗಳಾದ ಮೇಲೆ ಒಂದು ಲಕೋಟೆ ಕೊಟ್ಟರು. ಟಿಕೆಟ್ಟು, ಜೆರಾಕ್ಸು, ಸ್ಕೆಚ್ ಪೆನ್ನಿಗೆ ಅದು ಸರಿಹೋಯಿತು. ನಮ್ಮ ನಂತರ ಅದೇ ಹಾಲಿನಲ್ಲಿ ಭರತನಾಟ್ಯದ ಕ್ಲಾಸು. ಅಲ್ಲಿಗೆ ಅದೇ ತಾಯಂದಿರು ತಿಂಗಳ ಮೊದಲ ವಾರವೇ ಫೀಸು ಕಟ್ಟುತ್ತಿದ್ದರು. ನನಗೆ ಮಾತ್ರ 'ಕನ್ನಡದ ಸೇವೆ ಅಲ್ವಾ ಮೇಡಂ'. ಬ್ಯಾನರಿನವನಿಗೆ ದುಡ್ಡು, ಉಪ್ಪಿಟ್ಟಿನವನಿಗೆ ದುಡ್ಡು. ಸೇವೆ ಮಾಡಬೇಕಾದವಳು ನಾನೊಬ್ಬಳೇ.

ಮನೆಯಲ್ಲಿ ಕನ್ನಡ ಆಡುವವರು ಯಾರು ಬೇಕಾದರೂ ಕಲಿಸಬಹುದು ಅಂತ ಇಲ್ಲಿಯವರ ಲೆಕ್ಕ. ಇಲ್ಲಿನ ಮಕ್ಕಳು ಓದುವಾಗ ಕಿವಿಗೊಟ್ಟು ಕೇಳಿ, ಗೊತ್ತಾಗುತ್ತದೆ. 'ರೈತ ಬೇಳೆ ಬೆಳೆದ' ಅನ್ನುತ್ತವೆ. 'ಕೊಡು' ಅನ್ನಲು 'ಕೋಡು'. ಅಜ್ಜಿ 'ಸರಿಯಾಗಿ ಓದೋ' ಅಂತ ಗದರುತ್ತಾರೆ. ಆದರೆ ಮಗು ಶಾಲೆಯಲ್ಲಿ ಮೊದಲು ಕಲಿತದ್ದು ಮರಾಠಿ ಅಕ್ಷರ. ಅಲ್ಲಿ ನಮ್ಮ ಎ, ಏ ಎರಡಕ್ಕೂ ಒಂದೇ ಅಕ್ಷರ, ಒ, ಓ ಎರಡಕ್ಕೂ ಒಂದೇ. ಪಾಪ, ಅದೇನು ಮಾಡೀತು? ನಾನು ಬೋರ್ಡಿನ ಮೇಲೆ ಕೆರೆ, ಕೇರೆ ಅಂತ ಬರೆದು ಪಕ್ಕದಲ್ಲಿ ನೀರು, ಹಾವು ಚಿತ್ರ ಬಿಡಿಸುತ್ತಿದ್ದೆ. 'ಕೆ'ಗೆ ಒಂದು ಚಪ್ಪಾಳೆ, 'ಕೇ'ಗೆ ಎರಡು. ನಾಲ್ಕನೇ ಭಾನುವಾರ ಒಬ್ಬ ಹುಡುಗ ತಾನೇ ತಪ್ಪು ಓದಿ, ತಾನೇ ನಕ್ಕ. 'ಟೀಚರ್, ಕೇರೆಯಲ್ಲಿ ಈಜಿದ್ರೆ ಕಚ್ಚುತ್ತೆ!' ಇದೆಲ್ಲ ಸುಮ್ನೆ ಬರುವುದಿಲ್ಲ. ಬಿ.ಎಡ್. ಓದಿ, ವರ್ಷಗಟ್ಟಲೆ ಕ್ಲಾಸಿನಲ್ಲಿ ನಿಂತು ಬಂದದ್ದು. ಅದಕ್ಕೇ ದುಡ್ಡು ಕೇಳುವುದು.

ಶಾಲೆಯ ಕೆಲಸವೇ ಬೇಕಿದ್ದರೆ ದಾರಿ ಉದ್ದ. ಪಾಲಿಕೆಯ ಕನ್ನಡ ಶಾಲೆಗಳಿವೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಅನುದಾನಿತ ಶಾಲೆಯಲ್ಲಿ ಸೇರಿದರೂ ಮೊದಲ ಮೂರು ವರ್ಷ 'ಶಿಕ್ಷಣ ಸೇವಕ', ಅಂದರೆ ಪೂರ್ತಿ ಸಂಬಳ ಇಲ್ಲ, ನಿಗದಿ ಮಾಡಿದ ಗೌರವಧನ ಮಾತ್ರ. ಹೆಸರಲ್ಲೇ ಸೇವೆ ಇದೆ ನೋಡಿ! ಪ್ರೌಢಶಾಲೆಯವರಿಗೆ ತಿಂಗಳಿಗೆ 8,000 ರೂಪಾಯಿ ಇದ್ದದ್ದು 2023ರಲ್ಲಿ 18,000 ಆಯಿತು. ಖಾಸಗಿ ಶಾಲೆಯವರು 'ನಮಗೆ ಅನುದಾನ ಇಲ್ಲ' ಅಂತ ಅಳುತ್ತಾರೆ. ನಂಬಬೇಡಿ. ಮಾನ್ಯತೆ ಪಡೆದ ಖಾಸಗಿ ಶಾಲೆಗಳ ಸಂಬಳ, ನೇಮಕಾತಿಗೆ ಮಹಾರಾಷ್ಟ್ರದಲ್ಲಿ 1977ರ ಕಾಯ್ದೆಯೇ ಇದೆ, ಅನುದಾನ ಇಲ್ಲದವರಿಗೂ ಅದು ಅನ್ವಯಿಸುತ್ತದೆ. ನಾನು ಇದನ್ನು ತಡವಾಗಿ ತಿಳಿದುಕೊಂಡೆ. ಒಂದು ಶಾಲೆಯಲ್ಲಿ ಎರಡು ವರ್ಷ ಪೂರ್ತಿ ಸಂಬಳಕ್ಕೆ ಸಹಿ ಹಾಕಿ, ಅರ್ಧ ದುಡ್ಡನ್ನು ಆಫೀಸಿನಲ್ಲಿ ವಾಪಸ್ ಎಣಿಸಿ ಕೊಟ್ಟಿದ್ದೇನೆ. ಈಗಲೂ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ಭಾನುವಾರದ ಕ್ಲಾಸು ಬೇಡ ಅನ್ನಬೇಡಿ. ಅಲ್ಲಿ ಊರಿನವರು ಸಿಗುತ್ತಾರೆ, ಹೊಸ ಊರಲ್ಲಿ ಅದೂ ಬೇಕು. ಆದರೆ ತಾಸಿಗೆ ಇಷ್ಟು, ಪ್ರಯಾಣದ ಖರ್ಚು ಬೇರೆ, ತಿಂಗಳ ಕೊನೆಗೆ ಬ್ಯಾಂಕಿಗೆ ಅಂತ ಮೊದಲೇ ಬರೆಸಿಕೊಳ್ಳಿ. ನಾನು ಈಗ ಮನೆಯಲ್ಲಿ ಕಲಿಸಲು ತಾಸಿಗೆ 500 ತೆಗೆದುಕೊಳ್ಳುತ್ತೇನೆ. ಬರುವವರಲ್ಲಿ ಜಾಸ್ತಿ ಬೆಂಗಳೂರಿಗೆ ಹೊರಟ ಮರಾಠಿ ಹುಡುಗ ಹುಡುಗಿಯರು. ಅವರು ಒಮ್ಮೆಯೂ ಚೌಕಾಸಿ ಮಾಡಿಲ್ಲ. ಚೌಕಾಸಿ ಮಾಡುವವರು ನಮ್ಮವರೇ.

ಶಾಲೆಯವರು ನೇಮಕದ ಪತ್ರ ಕೊಟ್ಟರೆ ಅದು ಮರಾಠಿಯಲ್ಲಿರಬಹುದು. ಸಹಿ ಹಾಕುವ ಮೊದಲು ಫೋಟೋ ತೆಗೆದು ನನಗೆ ಕಳಿಸಿ, ಓದಿ ಹೇಳುತ್ತೇನೆ. ಇದಕ್ಕೆ ಮಾತ್ರ ಫೀಸಿಲ್ಲ.