ಗೊರಬಿನ ಹಾಗಿರಲಿ ಹಿತ್ತಲ ಹಸಿರುಮನೆ

ಪ್ರಶ್ನೆ: ಮನೆ ಹಿಂದೆ 10 ಅಡಿ ಅಗಲ, 15 ಅಡಿ ಉದ್ದದ ಹಸಿರುಮನೆಗೆ ಜಾಗ ಇದೆ. ಆಂಥೂರಿಯಂ, ಕಾಳುಮೆಣಸಿನ ಬಳ್ಳಿ, ತರಕಾರಿ ಸಸಿ ಮಾಡುವ ಆಸೆ. ಆನ್‌ಲೈನ್‌ನಲ್ಲಿ ಪೈನ್ ಮರದ ಚೌಕಟ್ಟಿಗೆ ಸುತ್ತ ಗಾಜು ಕೂರಿಸಿದ ರೆಡಿಮೇಡ್ ಹಸಿರುಮನೆ ನೋಡಿದೆ. ತರಿಸಬಹುದೇ?
(ಓದುಗರು, ತೀರ್ಥಹಳ್ಳಿ)

ಉತ್ತರ: ನೋಡಲು ಚೆಂದವೇ. ಆದರೆ ಆ ವಿನ್ಯಾಸ ಹುಟ್ಟಿದ್ದು ಹಿಮ ಬೀಳುವ ಊರುಗಳಿಗಾಗಿ. ಅಲ್ಲಿ ಬಿಸಿಲಿನ ಕಾವನ್ನು ಒಳಗೇ ಹಿಡಿದಿಡಬೇಕು, ಅದಕ್ಕೇ ನಾಲ್ಕೂ ಕಡೆ ಗಾಜು. ನಮ್ಮ ಗಿಡಗಳಿಗೆ ಬೇಕಿರುವುದು ಕಂಬಳಿಯಲ್ಲ, ಗೊರಬು, ಅಂದರೆ ಗದ್ದೆ ಕೆಲಸದಲ್ಲಿ ತಲೆಯಿಂದ ಬೆನ್ನಿಗೆ ಹೊದೆಯುವ ಮಳೆಗೊಪ್ಪೆ. ನಟ್ಟಿಯ ಹೊತ್ತಿನಲ್ಲಿ ಗೊರಬು ಬೆನ್ನ ಮೇಲಿನ ಮಳೆಯನ್ನು ಮಾತ್ರ ತಡೆಯುತ್ತದೆ, ಮೈಗೆ ಗಾಳಿ ಆಡುತ್ತಲೇ ಇರುತ್ತದೆ. ಹಸಿರುಮನೆಯೂ ಹಾಗೇ ಇರಬೇಕು: ಮೇಲೆ ಗಟ್ಟಿ ಮಾಡು, ಪಕ್ಕದಲ್ಲಿ ಬಯಲು. ಮುಚ್ಚಿದ ಗಾಜಿನ ಮನೆಯಲ್ಲಿ ಏಪ್ರಿಲ್‌ನಲ್ಲಿ ಎಲೆ ಬೇಯುತ್ತದೆ, ಜುಲೈಯಲ್ಲಿ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಪಕ್ಕದಲ್ಲಿ ತೋಟವಿದ್ದರಂತೂ ಮುಗಿಯಿತು. ಒಂದು ಅಡಿಕೆ ಸೋಗೆ ಬಿದ್ದರೆ ಸಾಕು, ಗಾಜು ಪುಡಿ.

ಮನಸ್ಸು ಅದರ ಮೇಲೇ ಇದ್ದರೆ ಎರಡು ಸಂಗತಿ ಕೇಳಿ ತಿಳಿಯಿರಿ. ಪೈನ್ ಮರಕ್ಕೆ ಕೊಳೆ, ಹುಳ ತಡೆಯುವ ಮದ್ದನ್ನು ಒತ್ತಡದಲ್ಲಿ ಒಳಕ್ಕೆ ಇಳಿಸಿದ್ದಾರೋ, ಮೇಲಷ್ಟೇ ಬಳಿದಿದ್ದಾರೋ? ಮೇಲೆ ಬಳಿದಿದ್ದಾದರೆ ಬೇಡ. ಒಳಕ್ಕಿಳಿಸಿದ್ದಾದರೂ ಜೋಡಿಸುವಾಗ ಎಲ್ಲಿ ಗರಗಸ ಆಡಿಸುತ್ತೀರೋ, ಎಲ್ಲಿ ತೂತು ಕೊರೆಯುತ್ತೀರೋ ಅಲ್ಲೆಲ್ಲ ಮತ್ತೆ ಮದ್ದು ಬಳಿಯಬೇಕು. ಕೊಳೆ ಶುರುವಾಗುವುದೇ ಆ ಹಸಿ ಗಾಯದಿಂದ. ಎರಡನೆಯದು, ಗಾಜಿನ ಬದಲು 6 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಸಿಗುತ್ತದೆಯೇ ಎಂಬುದು. ಸಿಕ್ಕರೆ ಅದರ ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವ ಲೇಪನದ ಮೈ ಆಕಾಶಕ್ಕೆ ಮುಖ ಮಾಡಿರಲಿ, ಕೊಳವೆಯಂಥ ಸಂದುಗಳ ತುದಿಗೆ ಟೇಪ್ ಹಚ್ಚಿ. ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಸಂದಿನೊಳಗೆ ಪಾಚಿ ಬೆಳೆಯುತ್ತದೆ. ಅಲ್ಲಿಗೆ ಬ್ರಷ್ಷೂ ಹೋಗದು.

ಪ್ರಶ್ನೆ: ಊರಲ್ಲೇ ಸಿಗುವ ಮರದಿಂದ ಮಾಡಿಸಿದರೆ ಯಾವುದು ಬಾಳುತ್ತದೆ? ಎಷ್ಟು ಸಾಮಾನು ಬೇಕು?
(ಓದುಗರು, ಹೊಸನಗರ)

ಉತ್ತರ: ಯಾವ ಮರ ಎನ್ನುವುದಕ್ಕಿಂತ ಮರದ ಯಾವ ಭಾಗ ಎನ್ನುವುದು ದೊಡ್ಡ ಪ್ರಶ್ನೆ. ಸಾಗುವಾನಿಗೆ ಗೆದ್ದಲು ಮುಟ್ಟದು ಎನ್ನುತ್ತಾರಲ್ಲ, ಅದು ಕೆಚ್ಚಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ ಹೇಳಿದ ಮಾತು. ಹೊರಗಿನ ಬಿಳಿ ಭಾಗವನ್ನು ಹುಳ ಯಾವ ಮುಲಾಜೂ ಇಲ್ಲದೆ ತಿನ್ನುತ್ತದೆ. ಎಳೆ ಮರದ ತುಂಡಿನಲ್ಲಿ ಈ ಬಿಳಿಯೇ ಹೆಚ್ಚು. ಅಕೇಶಿಯಾಕ್ಕೂ ಇದೇ ಮಾತು. ಬಲಿತ ಮರದ ಕೆಚ್ಚನ್ನು ಸಾಮಿಲ್ಲಿನಲ್ಲಿ ಕೊಯ್ಯಿಸಿದರೆ ಈ ಕೆಲಸಕ್ಕೆ ಧಾರಾಳ ಸಾಕು, ಬೆಲೆಯೂ ಸಾಗುವಾನಿಯಷ್ಟಿಲ್ಲ. ಹಿತ್ತಲ ಸಾಗುವಾನಿಯನ್ನೇ ಕಡಿಯುವುದಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಮಾಡಿನ ತೆಳು ಪಟ್ಟಿಗೆ, ಅಂದರೆ ರೀಪಿಗೆ ಬಹಳ ಒಳ್ಳೆಯದು, ಕಂಬಕ್ಕೆ ಬೇಡ. ಹಳೆಯ ಮರದ ಬುಡದ ಕಡೆಯ ದಬ್ಬೆ ಆರಿಸಿ, ಒಳಗಿನ ಮೆತ್ತನೆಯ ತಿರುಳನ್ನು ಪೂರ್ತಿ ಕೆತ್ತಿ ತೆಗೆಸಿ. ನೀರು ಕುಡಿಯುವುದು ಅದೇ. ಬಿದಿರಾದರೆ ಮಳೆ ನಿಂತ ಮೇಲೆ ಕಡಿದು, ಮೂರು ವಾರ ನೀರಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಕುಟ್ಟೆ ಹುಳ ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನಲು, ನೀರಲ್ಲಿ ನೆನೆದಾಗ ಅದು ಕಡಿಮೆಯಾಗುತ್ತದೆ. ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣವೂ ಆದೀತು, ಆದರೆ ಮಾಡಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ ಅಡಿ ಒಣಗಿರುವ ಭಾಗಕ್ಕೆ ಮಾತ್ರ. ಮಳೆಗೆ ಸಿಕ್ಕರೆ ಅದು ತೊಳೆದುಹೋಗುತ್ತದೆ.

ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ಇದೆ. ಬೇಲಿ ಗೂಟಕ್ಕೆ ಬಳಿದುಕೊಳ್ಳಲಿ, ಹಸಿರುಮನೆಗೆ ತರಬೇಡಿ. ಎಣ್ಣೆ ಪ್ಲಾಸ್ಟಿಕ್ ಹಾಳೆಯನ್ನು ಹಾಳು ಮಾಡುತ್ತದೆ, ಗಿಡದ ಮೇಲೆ ತೊಟ್ಟಿಕ್ಕಿದರೆ ಎಲೆ ಸುಡುತ್ತದೆ.

ಮರ ಕೊಳೆತು ಲಡ್ಡಾಗುವುದು ಸಾಮಾನ್ಯವಾಗಿ ನೆಲದ ಮಟ್ಟದಲ್ಲಿ. ಅಣಬೆ ಜಾತಿಯ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಅಲ್ಲೇ. ಹಾಗಾಗಿ ಕಂಬ ಮಣ್ಣಿಗೆ ತಾಗಲೇಬಾರದು. ಒಂದಡಿ ಚೌಕದ, ಎರಡಡಿ ಆಳದ ಗುಂಡಿ ತೋಡಿ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿ, ನೆಲದಿಂದ ಅರ್ಧ ಅಡಿ ಮೇಲೆತ್ತಿ. ಹಸಿ ಇರುವಾಗಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಯು ಆಕಾರದ ಕಬ್ಬಿಣದ ಪಟ್ಟಿ ಕೂರಿಸಿ. ಅದರ ನಡುವೆ ಕಂಬ ನಿಲ್ಲಿಸಿ 12 ಮಿ.ಮೀ. ಬೋಲ್ಟ್ ಎರಡು ಬಿಗಿಯಿರಿ. ಕಂಬದ ಅಡಿಗೂ ಕಾಂಕ್ರೀಟಿಗೂ ನಡುವೆ ಎರಡು ಇಂಚು ಬಿಡಿ, ನೀರು ಹೀರುವುದು ಕಂಬದ ಆ ಕೊಯ್ದ ತುದಿಯೇ. ಇಂಥ ಒಂದು ಕಾಂಕ್ರೀಟ್ ದಿಮ್ಮಿ ಸುಮಾರು 170 ಕೆ.ಜಿ. ತೂಗುತ್ತದೆ. ಗಾಳಿ ಮಾಡನ್ನು ಅಡಿಯಿಂದ ಎತ್ತುತ್ತದೆ, ಆಗ ಹಿಡಿದು ನಿಲ್ಲಿಸುವುದು ಈ ತೂಕ.

10x15 ಅಡಿಗೆ ಲೆಕ್ಕ ಹೀಗೆ: ಐದಡಿಗೊಂದರಂತೆ ಉದ್ದದ ಎರಡು ಬದಿಗೆ ಎಂಟು ಕಂಬ, ಏಳಡಿ ಎತ್ತರ. ನಡುಮಾಡು ಹತ್ತಡಿ ಎತ್ತರ, ಅದನ್ನು ಹೊರಲು ಎರಡು ತುದಿಗೆ ಎರಡು ಎತ್ತರದ ಕಂಬ, ನಡುವೆ ಅಡ್ಡತೊಲೆ. ಎರಡೂವರೆ ಅಡಿಗೊಂದರಂತೆ ಏಳು ಜೊತೆ, ಅಂದರೆ ಹದಿನಾಲ್ಕು ಪಕಾಸು (ಮಾಡಿನ ಇಳಿಜಾರಿನ ಮರ), ಒಂದೊಂದೂ ಏಳಡಿ. ಐದಡಿಗೆ ಮೂರಡಿ ಏರುವುದರಿಂದ ಇಳಿಜಾರು ಸುಮಾರು 31 ಡಿಗ್ರಿ ಆಗುತ್ತದೆ, ಅದಕ್ಕಿಂತ ಕಡಿಮೆ ಮಾಡಬೇಡಿ. ಹಾಳೆ ಸ್ವಲ್ಪ ಜೋತರೂ ನೀರು ನಿಲ್ಲುತ್ತದೆ, ನಿಂತ ನೀರು ಇನ್ನಷ್ಟು ಜಗ್ಗುತ್ತದೆ, ಬೆಳಗಾಗುವುದರೊಳಗೆ ಎಮ್ಮೆ ಹೊಟ್ಟೆಯಂತೆ ಇಳಿಬಿದ್ದಿರುತ್ತದೆ. ಸುತ್ತ ಒಂದಡಿ ಸೂರು ಬಿಟ್ಟರೆ ಮಾಡಿಗೆ ಸಿಗುವ ಜಾಗ 19 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಮಳೆ ಹೊಡೆದರೆ 1,900 ಲೀಟರ್ ನೀರು. ಸೂರಿನಡಿ ಒಂದಡಿ ಅಗಲ ಜಲ್ಲಿ ಹರವಿ ಬಸಿಗಾಲುವೆಗೆ ದಾರಿ ಕೊಡದಿದ್ದರೆ ಕೆಸರು ಸಿಡಿದು ಗಿಡದ ಬುಡಕ್ಕೇ ಬರುತ್ತದೆ.

ಹಾಳೆ 200 ಮೈಕ್ರಾನ್, ಯುವಿ ತಡೆಯುವಂಥದ್ದು, 5 ಮೀಟರ್ ಅಗಲ, 6 ಮೀಟರ್ ಉದ್ದ. ಟಾರ್ಪಾಲು ಅಂಗಡಿಯ ಸಾದಾ ಪ್ಲಾಸ್ಟಿಕ್ ಒಂದು ಬೇಸಿಗೆಗೇ ಪುಡಿಯಾಗುತ್ತದೆ. ಹಾಳೆ ತಾಗುವ ಪಕಾಸಿನ ಮೇಲ್ಮೈಗೆ ಬಿಳಿ ಪೇಂಟ್ ಹೊಡೆಸಿ. ಕಾದ ಮರದ ಮೇಲೇ ಹಾಳೆ ಮೊದಲು ಹರಿಯುವುದು. ಮೊಳೆಯನ್ನು ನೇರ ಹಾಳೆಗೆ ಹೊಡೆಯಬೇಡಿ. ಹಳೆಯ ಸೈಕಲ್ ಟ್ಯೂಬ್ ಸೀಳಿ ಪಟ್ಟಿ ಮಾಡಿ ಹಾಳೆಯ ಮೇಲಿಟ್ಟು, ಅದರ ಮೇಲೆ ರೀಪು ಕೂರಿಸಿ, ಸ್ಕ್ರೂ ಹಾಕಿಸಿ.

ಪ್ರಶ್ನೆ: ಹಾಳೆ ಹಾಕಿದ ಮೇಲೂ ಮೆಣಸಿನ ಸಸಿ ಬುಡ ಕೊಳೆತು ಮಲಗುತ್ತಿವೆ. ಮಳೆ ಒಳಗೆ ಬರದಂತೆ ಪಕ್ಕಕ್ಕೂ ಹಾಳೆ ಕಟ್ಟಿದ್ದೇವೆ, ಕಪ್ಪು ನೆರಳುಬಲೆಯೂ ಇದೆ.
(ಓದುಗರು, ಸಾಗರ)

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಪಕ್ಕದ ಹಾಳೆ ಬಿಚ್ಚಿ. ಎರಚಲು ಬರುವ ಪಶ್ಚಿಮದ ಬದಿಗೆ ಮಾತ್ರ, ಅದೂ ಮೇಲಿನ ಅರ್ಧಕ್ಕೆ ಸಾಕು. ನೆರಳುಬಲೆಯನ್ನು ಜೂನ್‌ನಲ್ಲಿ ಸುತ್ತಿಡಿ. ಮೋಡದ ದಿನಗಳಲ್ಲಿ ಬೆಳಕೇ ಕಡಿಮೆ, ಸಸಿ ಸೊರಗಿ ಉದ್ದವಾಗಿ ಬುಡ ಮೆತ್ತಗಾಗುತ್ತದೆ. ಟ್ರೇಗಳನ್ನು ನೆಲದಲ್ಲಿಡದೆ ಎರಡೂವರೆ ಅಡಿ ಎತ್ತರದ ಸಂದುಸಂದು ಅಟ್ಟಣಿಗೆಯ ಮೇಲಿಡಿ. ನೀರು ಬೆಳಿಗ್ಗೆ ಮಾತ್ರ, ಅದೂ ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ತಾಗಿದರೆ. ಬಲೆ ಮತ್ತೆ ಬೇಕಾಗುವುದು ಫೆಬ್ರುವರಿ ಕೊನೆಗೆ: ಸಸಿಗೆ 50 ಶೇಕಡಾ ನೆರಳು ಕೊಡುವಂಥದ್ದು, ಆಂಥೂರಿಯಂಗೆ 75. ಆಗ ಹಾಳೆಯ ಒಳಗೆ ಕಟ್ಟಬೇಡಿ, ಹಾಳೆಯ ಮೇಲೆ ಒಂದಡಿ ಅಂತರ ಬಿಟ್ಟು ಕಟ್ಟಿ. ಒಳಗೆ ಕಟ್ಟಿದರೆ ಬಲೆ ಕಾಯುತ್ತದೆ, ಕಾವು ಒಳಗೇ ಉಳಿಯುತ್ತದೆ.

ಗಂಧಕದ ಪುಡಿ ಹೊಡೆಯುವ ಅಭ್ಯಾಸವಿದ್ದರೆ ಹಾಳೆಗೆ ತಾಗದಂತೆ ನೋಡಿಕೊಳ್ಳಿ, ಅದು ಹಾಳೆಯ ಯುವಿ ತಡೆಯುವ ಶಕ್ತಿಯನ್ನೇ ತಿನ್ನುತ್ತದೆ.

ಪ್ರಶ್ನೆ: ಮಂಗಗಳಿಗೆ ಏನು ಮಾಡುವುದು?
(ಓದುಗರು, ರಿಪ್ಪನ್‌ಪೇಟೆ)

ಉತ್ತರ: ಮಂಗ ಹಾರಿದರೆ ತಡೆಯುವ ಪ್ಲಾಸ್ಟಿಕ್ ಹಾಳೆ ಇಲ್ಲ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಹತ್ತು ಹನ್ನೆರಡು ಅಡಿ ದೂರದವರೆಗೆ ಸವರಿಸಿ. ಅದೂ ಸಾಲದಿದ್ದರೆ ಹಾಳೆಯಿಂದ ಅರ್ಧ ಅಡಿ ಮೇಲೆ ಎರಡು ಇಂಚು ಕಣ್ಣಿನ ವೆಲ್ಡ್ ಮೆಶ್ ಕೂರಿಸಬೇಕಾಗುತ್ತದೆ. ಅದರ ಭಾರ ಪಕಾಸಿನ ಮೇಲೆ ಬೀಳುವುದರಿಂದ ಕಟ್ಟುವಾಗಲೇ ಬಡಗಿ ಆಚಾರ್ರಿಗೆ ಹೇಳಿ ಪಕಾಸನ್ನು ದಪ್ಪ ಮಾಡಿಸಿಕೊಳ್ಳಿ. ಆಮೇಲೆ ಹೇಳಿದರೆ ಹಾಳೆ ಪೂರ್ತಿ ಬಿಚ್ಚಬೇಕಾಗುತ್ತದೆ.