ಬಲೆಗೆ ಸಿಕ್ಕ ತಗಡನ್ನು ಒಣಗಲು ಬಿಡಬೇಡ

ತಮ್ಮಾ, ಕಾರವಾರದ ಆಚೆ ಟ್ರಾಲ್ ಬಲೆಗೆ ರಿವೆಟ್ ಸಾಲಿರುವ ಅಲ್ಯೂಮಿನಿಯಂ ತಗಡು ಸಿಕ್ಕಿದೆ, ವಿಮಾನದ್ದಾ, ತಿಕ್ಕಿ ತೊಳೆದು ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀಯ.

ತಿಕ್ಕಬೇಡ ಮಾರಾಯ. ಒಣಗಲೂ ಬಿಡಬೇಡ. ಸಮುದ್ರದ ಉಪ್ಪು ತಗಡಿನ ಸಣ್ಣ ತೂತುಗಳಲ್ಲಿ ಕೂತಿರುತ್ತದೆ, ಗಾಳಿಗೆ ಬಂದರೆ ತಿನ್ನುವುದು ಜಾಸ್ತಿಯಾಗುತ್ತದೆ. ಸದ್ಯಕ್ಕೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಸಮುದ್ರದ ನೀರು ತುಂಬಿ ಮುಳುಗಿಸಿಡು. ಮನೆಯ ತಾಮ್ರದ ಹಂಡೆ ಮಾತ್ರ ಬೇಡ. ಉಪ್ಪುನೀರಲ್ಲಿ ತಾಮ್ರಕ್ಕೆ ತಾಗಿದ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಮುಳುಗಿದ ವಿಮಾನದಲ್ಲೂ ಹೀಗೇ, ಉಕ್ಕಿನ ಬೋಲ್ಟಿನ ಸುತ್ತಲಿನ ತಗಡು ಮೊದಲು ಹೋಗುತ್ತದೆ.

1940ರಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಸ್ಯಾಂಡ್ಸ್ ಮರಳುದಿಬ್ಬದ ಹತ್ತಿರ ಬಿದ್ದ ಜರ್ಮನ್ ಡಾರ್ನಿಯರ್ 17 ಬಾಂಬರನ್ನು 2013ರಲ್ಲಿ ಎತ್ತಿದರು. ಎತ್ತಿದರೆ ಕೆಲಸ ಮುಗಿಯಲಿಲ್ಲ. ಆಮೇಲೆ ಕಾಸ್‌ಫರ್ಡ್ ಮ್ಯೂಸಿಯಂನಲ್ಲಿ ಪ್ಲಾಸ್ಟಿಕ್ ಸುರಂಗದೊಳಗಿಟ್ಟು ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ತಿಂಗಳುಗಟ್ಟಲೆ ಸಿಂಪಡಿಸಬೇಕಾಯಿತು. ಹಾಗಂತ ನೀನು ನಿಂಬೆಹಣ್ಣು ಹಿಂಡಲು ಹೊರಡಬೇಡ, ಅವರು ಹದ ಅಳೆದು ಮಾಡಿದ್ದು.

ಒಂದು ತಗಡು ನೋಡಿ ವಿಮಾನ ಅನ್ನಲಾಗದು. ಬೋಟಿನದ್ದೂ ಇರಬಹುದು ಅಲ್ವಾ? ಒತ್ತಿದ ಅಂಕಿ, ಉಳಿದ ಬಣ್ಣ, ರಿವೆಟ್‌ಗಳ ನಡುವಿನ ಅಂತರ ನೋಡು. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ ಫೋಟೋ ತೆಗಿ. ಜಾಗದ ವಿಷಯದಲ್ಲಿ ಒಂದು ಮಾತು. ಬಲೆ ಎತ್ತಿದ ಜಾಗವಷ್ಟೇ ಸಾಲದು, ಬಿಟ್ಟ ಜಾಗವೂ ಬೇಕು. ಎಲ್ಲಿಯೋ ಇದ್ದ ತುಂಡನ್ನು ಟ್ರಾಲ್ ಮೈಲಿಗಟ್ಟಲೆ ಎಳೆದು ತಂದಿರಬಹುದು. ಜಿಪಿಎಸ್‌ನಲ್ಲಿ ಎರಡೂ ಇರುತ್ತದೆ, ಅಳಿಸುವ ಮೊದಲು ಬರೆದಿಟ್ಟುಕೋ. ಫಿಶ್ ಫೈಂಡರ್ ತೋರಿಸಿದ ಆಳವನ್ನೂ ಬರಿ.

ಡೈವಿಂಗ್ ಗೆಳೆಯರನ್ನು ಕರೆದುಕೊಂಡು ಇಳಿಯುವ ಯೋಚನೆ ಬಿಡು. ಯುದ್ಧವಿಮಾನದಲ್ಲಿ ಸೀಟನ್ನು ಹೊರಗೆ ಹಾರಿಸುವ ಮದ್ದೂ ಇರುತ್ತದೆ, ಸಿಡಿಯದ ಗುಂಡೂ ಇರಬಹುದು. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪವನ್ನೇ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಮೇಲಾಗಿ ನಮ್ಮದು ನೌಕಾನೆಲೆ ಇರುವ ಊರು. ಮೊದಲು ಕರಾವಳಿ ಪೊಲೀಸರಿಗೆ ಅಥವಾ ಕೋಸ್ಟ್ ಗಾರ್ಡ್‌ನ 1554ಕ್ಕೆ ತಿಳಿಸು. ಹಳೆಯದು ಅಂತ ಗೊತ್ತಾದರೆ ಗೋವಾದ ದೋನಾಪಾವ್ಲದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಮುದ್ರ ಪುರಾತತ್ವದವರಿದ್ದಾರೆ.

ಗುಜರಿಗೆ ಕೊಟ್ಟರೆ ಕೆಲವು ನೂರು ರೂಪಾಯಿ ಬರಬಹುದು, ಗೊತ್ತು. ಆದರೆ 2016ರಲ್ಲಿ 29 ಜನರೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾದ ವಾಯುಪಡೆಯ ಎಎನ್-32 ಸಾಗಣೆ ವಿಮಾನ ನೆನಪಿದೆಯಾ? ಅದರ ಅವಶೇಷ ಸುಮಾರು 3400 ಮೀಟರ್ ಆಳದಲ್ಲಿ ಸಿಕ್ಕ ಸುದ್ದಿ ಬಂದಿದ್ದು 2024ರಲ್ಲಿ. ಅಲ್ಲಿಯವರೆಗೆ ಮನೆಯವರಿಗೆ ಒಂದು ತುಂಡಿನ ಸುಳಿವೂ ಇರಲಿಲ್ಲ.

ಅಂಕಿ ಕಾಣುವ ಫೋಟೋ ಇದ್ದರೆ ಇಲ್ಲಿ ಹಾಕು. ಜಿಪಿಎಸ್ ಜಾಗ ಮಾತ್ರ ಗುಂಪಿನಲ್ಲಿ ಬೇಡ, ನಾಳೆಯೇ ಯಾರಾದರೂ ಗಾಳ ಹಾಕಲು ಹೊರಟಾರು.