ಎಂಡೋಸ್ಕೋಪಿ ಸರಿಯಿದೆ, ಆದರೂ ತುತ್ತು ಇಳಿಯುತ್ತಿಲ್ಲ

ಪ್ರಶ್ನೆ: ಅಪ್ಪಯ್ಯನಿಗೆ 76 ವರ್ಷ. ಎಂಟು ತಿಂಗಳಿಂದ ಅನ್ನ, ಕಡುಬು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನ ಉಂಡ ಅಗುಳು ರಾತ್ರಿ ಮಲಗಿದಾಗ ಹಾಗೇ ಬಾಯಿಗೆ ಬರುತ್ತದೆ, ಹುಳಿಯಿಲ್ಲ, ಜೊತೆಗೆ ಕೆಮ್ಮು. ಎಂಡೋಸ್ಕೋಪಿಯಲ್ಲಿ ಏನೂ ಇಲ್ಲವಂತೆ. ವಯಸ್ಸಿನ ತೊಂದರೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬರೀ ವಯಸ್ಸಾಯಿತೆಂದು ತುತ್ತು ಸಿಕ್ಕಿಕೊಳ್ಳುವುದಿಲ್ಲ. ನಿಮ್ಮ ಪತ್ರದ ದೊಡ್ಡ ಸುಳಿವು ಆ ಅಗುಳೇ. ಜಠರ ಮುಟ್ಟಿ ಬಂದ ಅನ್ನ ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಗಂಟೆಗಟ್ಟಲೆ ಬಿಟ್ಟು ಉಂಡಂತೆಯೇ ಬಂದರೆ ಅದು ದಾರಿಯಲ್ಲೇ ನಿಂತಿತ್ತು. ಗಂಟಲು ಮುಗಿದು ಅನ್ನನಾಳ ಶುರುವಾಗುವಲ್ಲಿ ಒಂದು ಸ್ನಾಯುಪಟ್ಟಿ ಇದೆ. ನುಂಗುವಾಗ ಅದು ಸರಿಯಾಗಿ ಸಡಿಲಾಗದಿದ್ದರೆ ಒತ್ತಡಕ್ಕೆ ಅದರ ಮೇಲಿನ ಹಿಂಗೋಡೆ ಉಬ್ಬಿ ಚೀಲವಾಗುತ್ತದೆ. ಇದೇ ಝೆಂಕರ್ ಚೀಲ. ಅಪರೂಪದ್ದು, ಆದರೆ ಕಾಣುವುದು ಹೆಚ್ಚಾಗಿ 70 ದಾಟಿದವರಲ್ಲಿ. ಎಂಡೋಸ್ಕೋಪಿ ನಳಿಕೆ ಆ ಜಾಗವನ್ನು ಬೇಗ ದಾಟುವುದರಿಂದ ಚೀಲದ ಬಾಯಿ ಕಣ್ತಪ್ಪಬಹುದು.

ಆದ್ದರಿಂದ ಮೊದಲು ಬೇರಿಯಂ (ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ದ್ರವ) ಕುಡಿಸಿ ಎಕ್ಸ್‌ರೇ ಮಾಡಿಸಿ. ಕುತ್ತಿಗೆಯ ಚಿತ್ರವನ್ನು ಪಕ್ಕದಿಂದಲೂ ತೆಗೆಯಬೇಕು, ನುಂಗುವಾಗಲೇ ತೆಗೆಯಬೇಕು. ಎದುರಿನ ಚಿತ್ರವೊಂದರಲ್ಲೇ ಚೀಲ ಅಡಗಿಬಿಡಬಹುದು. ಕೆಮ್ಮಿನ ವಿಷಯ ಮೊದಲೇ ತಿಳಿಸಿ, ಬೇರಿಯಂ ಶ್ವಾಸಕೋಶಕ್ಕೆ ಹೋಗಬಾರದು. ಅದೇ ಚಿತ್ರದಲ್ಲಿ ಕತ್ತಿನ ಮೂಳೆ ಮುಂದಕ್ಕೆ ಬೆಳೆದು ಅನ್ನನಾಳವನ್ನು ಒತ್ತುತ್ತಿದ್ದರೂ ತಿಳಿಯುತ್ತದೆ. ನೀರೂ ಎದೆಯಲ್ಲಿ ನಿಂತಂತಾದರೆ ಅಕಲೇಸಿಯಾ (ಅನ್ನನಾಳದ ಕೆಳತುದಿ ಸಡಿಲಾಗದ ತೊಂದರೆ) ಇರಬಹುದು, ಅದಕ್ಕೆ ಮ್ಯಾನೊಮೆಟ್ರಿ, ಅಂದರೆ ಅನ್ನನಾಳದೊಳಗಿನ ಒತ್ತಡ ಅಳೆಯುವ ಪರೀಕ್ಷೆ ಬೇಕು.

ಬೇರಿಯಂ ಸರಿಯಿದ್ದರೆ ಎರಡು ವಿಷಯ ಗಮನಿಸಿ. ಬೆಳಿಗ್ಗೆ ಚೆನ್ನಾಗಿ ಉಂಡು ಸಂಜೆಗೆ ಸೋಲುತ್ತಾರೆಯೇ? ರೆಪ್ಪೆ ಜೋಲುತ್ತದೆಯೇ, ಮಾತು ಮೂಗಿನಿಂದ ಬರುತ್ತದೆಯೇ? ಹಾಗಿದ್ದರೆ ಮಯಸ್ತೇನಿಯಾ (ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದೆ ಸ್ನಾಯು ಬೇಗ ಸೋಲುವ ಕಾಯಿಲೆ) ಇರಬಹುದು, ರಕ್ತದಲ್ಲಿ ಅಸಿಟೈಲ್‌ಕೋಲಿನ್ ಗ್ರಾಹಕದ (ಆ ಸಂದೇಶವನ್ನು ಸ್ನಾಯುವಿನಲ್ಲಿ ಹಿಡಿಯುವ ಭಾಗ) ಪ್ರತಿಕಾಯ ಪರೀಕ್ಷಿಸಬೇಕು. ಇನ್ನೊಂದು, ಮಾತ್ರೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಮೂಳೆ ಸವೆತದ ಅಲೆಂಡ್ರೊನೇಟ್ ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆ ನೆಟ್ಟಗೆ ಕೂರಬೇಕು.

ಎಲೆ-ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಇಎನ್‌ಟಿ ವೈದ್ಯರು ಗಂಟಲನ್ನು ನೋಡಲೇಬೇಕು, ಅಲ್ಲಿನ ಗಡ್ಡೆಯೂ ಹೀಗೇ ಶುರುವಾಗಬಹುದು. ತೂಕ ಇಳಿದರೆ, ಕೆಮ್ಮಿನ ಜೊತೆ ಜ್ವರ ಬಂದರೆ ಕಾಯಬೇಡಿ.

ಅಲ್ಲಿಯವರೆಗೆ ಸಣ್ಣ ತುತ್ತು, ಪ್ರತಿ ತುತ್ತಿಗೆ ಎರಡು ಸಲ ನುಂಗುವುದು, ಮಲಗುವ 3 ಗಂಟೆ ಮೊದಲೇ ಊಟ, ತಲೆಯ ಕಡೆ ಮಂಚ ಎತ್ತರ. ಚೀಲವೇ ಆದರೆ ಆ ಸ್ನಾಯುಪಟ್ಟಿಯನ್ನು ಬಾಯಿಯ ಮೂಲಕವೇ ಕತ್ತರಿಸುವ ಚಿಕಿತ್ಸೆ ಇದೆ. ಮತ್ತೆ ಎಂಡೋಸ್ಕೋಪಿ ಮಾಡುವವರಿಗೆ ಬೇರಿಯಂ ಚಿತ್ರವನ್ನು ಮೊದಲೇ ತೋರಿಸಿ. ನಳಿಕೆ ಚೀಲದೊಳಗೆ ಹೊಕ್ಕರೆ ಗೋಡೆ ತೂತಾದೀತು.